ಕಂಪಿಸುವ ಯಂತ್ರ ಹಿಡಿಯುವ ಕೈಗಳ ನರಹಾನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಂಕ್ರೀಟ್ ಒಡೆಯುವ ಬ್ರೇಕರ್, ಹ್ಯಾಮರ್ ಡ್ರಿಲ್, ಗ್ರೈಂಡರ್, ಮರ ಕೊಯ್ಯುವ ಚೈನ್ ಸಾ, ಕಳೆ ಕತ್ತರಿಸುವ ಯಂತ್ರ, ಕಲ್ಲು ಕೆತ್ತುವ ಗಾಳಿಯಂತ್ರ (ಒತ್ತಡದ ಗಾಳಿಯಿಂದ ಓಡುವ ಯಂತ್ರ). ಇವುಗಳನ್ನು ಹಿಡಿದು ದುಡಿಯುವವರ ಬೆರಳುಗಳಲ್ಲಿ ನರಗಳು ನಿಧಾನವಾಗಿ ಸಾಯುತ್ತವೆ. ಗಾಯವಿಲ್ಲ, ರಕ್ತವಿಲ್ಲ, ಊತವೂ ಇಲ್ಲ. ಆದ್ದರಿಂದಲೇ ಹೆಚ್ಚಿನವರು ವರ್ಷಗಟ್ಟಲೆ ಸಹಿಸಿಕೊಂಡು, ಕೈಯಿಂದ ವಸ್ತುಗಳು ಜಾರಲು ಶುರುವಾದ ಮೇಲೆ ವೈದ್ಯರ ಬಳಿಗೆ ಹೋಗುತ್ತಾರೆ. ಅಷ್ಟು ತಡವಾಗಬಾರದು ಎಂಬ ಕಾಳಜಿಯಿಂದ, ಕೆಲಸಗಾರರೂ ಅವರ ಮನೆಯವರೂ ಕೆಲಸ ಮಾಡಿಸುವವರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಯಂತ್ರ ಕೆಳಗಿಟ್ಟ ಮೇಲೆ ಬೆರಳು ಜುಮುಗುಟ್ಟುವುದು ಎಲ್ಲರಿಗೂ ಆಗುವುದೇ ಅಲ್ಲವೇ?

ಎಲ್ಲರಿಗೂ ಆಗಬಹುದು. ಹಾಗೆಂದು ಅದನ್ನು ಲೆಕ್ಕಕ್ಕಿಲ್ಲ ಎಂದು ಬಿಡುವಂತಿಲ್ಲ. ಕಂಪನ ನಿಂತ ಮೇಲೆ ಚರ್ಮದೊಳಗಿನ ಸ್ಪರ್ಶಗ್ರಾಹಿಗಳು ಕೆಲವು ನಿಮಿಷ ಮಂಕಾಗಿರುತ್ತವೆ, ಆಮೇಲೆ ಚೇತರಿಸಿಕೊಳ್ಳುತ್ತವೆ. ಗಮನಿಸಬೇಕಾದದ್ದು ಆ ಚೇತರಿಕೆಗೆ ಎಷ್ಟು ಹೊತ್ತು ಬೇಕಾಗುತ್ತಿದೆ ಎಂಬುದನ್ನು. ಬ್ರಿಟನ್ನಿನಲ್ಲಿ ಕೆಲಸಗಾರರ ಆರೋಗ್ಯ ತಪಾಸಣೆಗೆ ಬಳಸುವ ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆ ಹೀಗಿದೆ: ಯಂತ್ರ ಬಳಸಿದ ನಂತರ ಬೆರಳುಗಳ ಜುಮುಗುಟ್ಟುವಿಕೆ 20 ನಿಮಿಷಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆಯೇ? ಹೌದು ಎಂದಾದರೆ ಅವರನ್ನು ಮುಂದಿನ ತಪಾಸಣೆಗೆ ಕಳುಹಿಸುತ್ತಾರೆ. ಈ 20 ನಿಮಿಷದ ಗಡಿಯನ್ನು ನೀವೂ ಇಟ್ಟುಕೊಳ್ಳಿ. ಮೊದಲು ಐದು ನಿಮಿಷದಲ್ಲಿ ಹೋಗುತ್ತಿದ್ದ ಜೋಮು ಈಗ ಊಟದ ಹೊತ್ತಿನವರೆಗೂ ಇರುತ್ತದೆ ಎಂದಾದರೆ, ಅಥವಾ ಯಂತ್ರ ಮುಟ್ಟದ ರಜೆಯ ದಿನವೂ ಬರುತ್ತದೆ ಎಂದಾದರೆ, ಅದು ಸಹಜವಲ್ಲ.

ಕಂಪನ ನರಕ್ಕೆ ಹಾನಿ ಮಾಡುವುದು ಹೇಗೆ?

ಬೆರಳ ತುದಿಯ ಚರ್ಮದೊಳಗೆ ಬೇರೆ ಬೇರೆ ಬಗೆಯ ಸ್ಪರ್ಶಗ್ರಾಹಿಗಳಿವೆ. ಮೈಸ್ನರ್ ಕಣಗಳು ನಿಧಾನವಾದ ನಡುಕವನ್ನೂ ಹಿಡಿದ ವಸ್ತು ಜಾರುವುದನ್ನೂ ಗುರುತಿಸುತ್ತವೆ. ಇನ್ನೂ ಆಳದಲ್ಲಿರುವ ಪಚೀನಿಯನ್ ಕಣಗಳು ಸೆಕೆಂಡಿಗೆ ಇನ್ನೂರು ಮುನ್ನೂರು ಬಾರಿ ನಡುಗುವ ಸೂಕ್ಷ್ಮ ಕಂಪನಕ್ಕೆ ಹೆಚ್ಚು ಸ್ಪಂದಿಸುತ್ತವೆ. ಬಿಸಿ, ತಂಪು, ನೋವು ತಿಳಿಯುವುದು ಬೇರೆಯೇ ಆದ ತೆಳು ನರತಂತುಗಳಿಂದ. ಇವೆಲ್ಲ ಯಂತ್ರದ ಹಿಡಿಕೆಗೆ ಕೆಲವೇ ಮಿಲಿಮೀಟರ್ ದೂರದಲ್ಲಿವೆ.

ನಿಧಾನಗತಿಯ ಕಂಪನ ಮೊಣಕೈ, ಭುಜದವರೆಗೂ ಹರಡಿ ಹೋಗುತ್ತದೆ. ಸೆಕೆಂಡಿಗೆ ನೂರಕ್ಕಿಂತ ಹೆಚ್ಚು ಬಾರಿಯ ಕಂಪನ ಹಾಗೆ ಮೇಲೆ ಹೋಗುವುದಿಲ್ಲ. ಅದರ ಬಹುಪಾಲು ಶಕ್ತಿಯನ್ನು ಬೆರಳು ಮತ್ತು ಅಂಗೈಯೇ ಹೀರಿಕೊಳ್ಳುತ್ತವೆ. ವರ್ಷಗಟ್ಟಲೆ ಹೀಗಾದಾಗ ನರದ ಸುತ್ತಲಿನ ಅಂಗಾಂಶದಲ್ಲಿ ನೀರು ತುಂಬುತ್ತದೆ, ಮೆಲ್ಲಗೆ ಅದು ಗಟ್ಟಿಯಾಗುತ್ತದೆ. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನರತಂತುವಿಗೆ ಮಯಲಿನ್ ಎಂಬ ಹೊದಿಕೆ ಇದೆ. ಅದು ಕಳಚುತ್ತ ಬರುತ್ತದೆ. ಕೊನೆಗೆ ತಂತುಗಳೇ ನಶಿಸುತ್ತವೆ. ಇಂತಹ ಕೆಲಸಗಾರರ ಬೆರಳಿನ ಅಂಗಾಂಶದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ಬದಲಾವಣೆಗಳೆಲ್ಲ ಕಂಡುಬಂದಿವೆ. ಅಂದರೆ ಇದು ಬರೀ ದಣಿವಲ್ಲ, ಮನಸ್ಸಿನ ಭ್ರಮೆಯೂ ಅಲ್ಲ.

ಕಂಪನದ ಜೊತೆಗೆ ಬಿಗಿಹಿಡಿತವೂ ಸೇರಿಕೊಳ್ಳುತ್ತದೆ. ಹಿಡಿಕೆಯನ್ನು ಎಷ್ಟು ಬಿಗಿಯಾಗಿ ಒತ್ತುತ್ತೇವೆಯೋ ಅಷ್ಟು ಹೆಚ್ಚು ಕಂಪನ ಕೈಯೊಳಕ್ಕೆ ಇಳಿಯುತ್ತದೆ. ಬೆರಳು ಮಂಕಾದಾಗ ಹಿಡಿದದ್ದು ಸರಿಯಾಗಿ ತಿಳಿಯದೆ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತೇವೆ. ಹಾನಿಯೇ ಹಾನಿಯನ್ನು ಹೆಚ್ಚಿಸುವುದು ಹೀಗೆ.

ಬೆರಳು ಬಿಳಿಚಿಕೊಳ್ಳುವ ಕಾಯಿಲೆ ಎಂದು ಕೇಳಿದ್ದೇನೆ. ಅದೂ ಇದೂ ಒಂದೇ ಏನು?

ಒಂದೇ ಕಾರಣ, ಎರಡು ಬೇರೆ ಹಾನಿಗಳು. ಬಿಳಿಚಿಕೊಳ್ಳುವುದು ರಕ್ತನಾಳದ ತೊಂದರೆ: ಚಳಿ ತಾಗಿದಾಗ ಬೆರಳಿನ ಸಣ್ಣ ರಕ್ತನಾಳಗಳು ಪೂರ್ತಿ ಬಿಗಿದುಕೊಂಡು, ಬೆರಳು ಒಂದು ಸ್ಪಷ್ಟ ಗೆರೆಯವರೆಗೆ ಹೆಣದ ಬೆರಳಿನಂತೆ ಬೆಳ್ಳಗಾಗುತ್ತದೆ. ಜೋಮು, ಮರಗಟ್ಟುವಿಕೆ, ಸ್ಪರ್ಶ ಕುಂದುವುದು ನರದ ತೊಂದರೆ. ಇವಲ್ಲದೆ ಸ್ನಾಯು, ಮೂಳೆ, ಕೀಲುಗಳಿಗೂ ಪೆಟ್ಟು ಬೀಳುತ್ತದೆ. ಎಲ್ಲವನ್ನೂ ಸೇರಿಸಿ ವೈದ್ಯರು ಕೈ-ತೋಳಿನ ಕಂಪನ ಸಹಲಕ್ಷಣ ಎನ್ನುತ್ತಾರೆ. ಒಬ್ಬರಿಗೆ ಒಂದೇ ಬರಬಹುದು, ಎರಡೂ ಬರಬಹುದು.

ಲೋಕದ ಗಮನ ಮೊದಲು ಹೋದದ್ದು ಬಿಳಿ ಬೆರಳಿನ ಕಡೆಗೆ. ಗಾಳಿಯಂತ್ರ ಬಳಸುವವರ ಬೆರಳಿನ ರಕ್ತನಾಳಗಳ ತೊಂದರೆಯ ಬಗ್ಗೆ ಇಟಲಿಯ ವೈದ್ಯ ಜೊವಾನ್ನಿ ಲೊರಿಗಾ 1911ರಲ್ಲಿ ಬರೆದರು. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಸುಣ್ಣಕಲ್ಲು ಕೆತ್ತುವವರನ್ನು ಪರೀಕ್ಷಿಸಿದರು. ಅವರಲ್ಲಿ ಎಡಗೈಯೇ ಹೆಚ್ಚು ಕೆಟ್ಟಿತ್ತು. ಕಾರಣ ಸರಳ: ಬಲಗೈ ಗಾಳಿಸುತ್ತಿಗೆಯನ್ನು ಹಿಡಿದರೆ, ಎಡಗೈ ಹಿಡಿಯುತ್ತಿದ್ದದ್ದು ಉಳಿಯನ್ನು. ಕಂಪನ ನೇರವಾಗಿ ಉಳಿಯಿಂದ ಆ ಬೆರಳುಗಳಿಗೆ ಇಳಿಯುತ್ತಿತ್ತು. ಇಂದಿಗೂ ವೈದ್ಯರು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಯಾವ ಕೈ ಯಂತ್ರದ ಯಾವ ಭಾಗವನ್ನು ಹಿಡಿಯುತ್ತದೆ?

ನನ್ನ ಬೆರಳು ಒಮ್ಮೆಯೂ ಬಿಳಿಚಿಲ್ಲ. ಹಾಗಾದರೆ ಭಯವಿಲ್ಲ ತಾನೇ?

ಈ ನಂಬಿಕೆಯಿಂದಲೇ ಅನೇಕರ ಕೈ ಹಾಳಾಗಿದೆ. ಬಿಳಿಚಿಕೊಳ್ಳಲು ಚಳಿ ಬೇಕು. ಸೆಖೆಯ ವಾತಾವರಣದಲ್ಲಿ ದುಡಿಯುವವರ ಬೆರಳು ಒಮ್ಮೆಯೂ ಬಣ್ಣ ಬದಲಿಸದೆ ನರ ಮಾತ್ರ ಕೆಡಬಹುದು. 2017ರಲ್ಲಿ ಪ್ರಕಟವಾದ ಒಂದು ವಿಸ್ತೃತ ವಿಮರ್ಶೆ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ನರದ ಹಾನಿ ಬಿಳಿ ಬೆರಳಿಗಿಂತ ಬೇಗ ಕಾಣಿಸಿಕೊಳ್ಳುತ್ತದೆ ಎಂಬ ತೀರ್ಮಾನಕ್ಕೆ ಬಂದಿತು.

ಬೇಗ ಬರುವುದಷ್ಟೇ ಅಲ್ಲ, ಹೋಗುವುದೂ ತಡ. ಫಿನ್ಲೆಂಡಿನ ಸುಓಮುಸ್ಸಲ್ಮಿ ಎಂಬಲ್ಲಿ ಚೈನ್ ಸಾ ಹಿಡಿಯುವ ಅರಣ್ಯ ಕಾರ್ಮಿಕರನ್ನು 1972ರಿಂದ 1990ರವರೆಗೆ ಪರೀಕ್ಷಿಸುತ್ತ ಬಂದರು. ಆ ಅವಧಿಯಲ್ಲಿ ಯಂತ್ರಗಳು ಸುಧಾರಿಸಿ ಕಂಪನದ ಮಟ್ಟ 14ರಿಂದ 2ಕ್ಕೆ ಇಳಿಯಿತು (ಈ ಅಳತೆ ಏನೆಂದು ಮುಂದಿನ ಉತ್ತರದಲ್ಲಿದೆ). ಬಿಳಿ ಬೆರಳಿನ ತೊಂದರೆ ಶೇಕಡಾ 40ರಿಂದ 5ಕ್ಕೆ ಬಂತು. ಜೋಮಿನ ತೊಂದರೆಯೂ ಶೇಕಡಾ 78ರಿಂದ ಇಳಿಯಿತು, ಆದರೆ 28ಕ್ಕೆ ಬಂದು ನಿಂತಿತು. ಈ ಎರಡು ಸಾಲುಗಳನ್ನು ನಾನು ಎಲ್ಲರಿಗೂ ತೋರಿಸುತ್ತೇನೆ. ಯಂತ್ರ ಸುಧಾರಿಸಿದರೆ ಕೈ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಹಾಗೆಯೇ ನರದ ವಿಷಯದಲ್ಲಿ ಮೈಮರೆಯುವಂತಿಲ್ಲ ಎಂಬುದಕ್ಕೂ.

ದಿನಕ್ಕೆ ಎಷ್ಟು ಹೊತ್ತು ಯಂತ್ರ ಹಿಡಿಯಬಹುದು?

ಅದು ಯಂತ್ರ ಎಷ್ಟು ನಡುಗುತ್ತದೆ ಎಂಬುದರ ಮೇಲಿದೆ. ಕಂಪನವನ್ನು ಅಳೆಯುವುದು ವೇಗೋತ್ಕರ್ಷದ ಅಳತೆಯಲ್ಲಿ, ಅಂದರೆ ಮೀಟರ್ ಪ್ರತಿ ಸೆಕೆಂಡಿನ ವರ್ಗದಲ್ಲಿ. ಮುಂದೆ ಇದನ್ನು ಬರೀ ‘ಮಟ್ಟ’ ಎನ್ನುತ್ತೇನೆ. ಯುರೋಪಿಯನ್ ಒಕ್ಕೂಟ 2002ರಲ್ಲಿ ಹೊರಡಿಸಿದ ನಿರ್ದೇಶನ ಎರಡು ಗಡಿಗಳನ್ನು ಹಾಕಿದೆ. ಎಂಟು ಗಂಟೆಯ ದಿನಕ್ಕೆ ಹಂಚಿ ನೋಡಿದಾಗ ಮಟ್ಟ 2.5 ಆದರೆ ಕೆಲಸ ಮಾಡಿಸುವವರು ಕ್ರಮ ಕೈಗೊಳ್ಳಲೇಬೇಕು. 5ನ್ನು ದಾಟುವಂತೆಯೇ ಇಲ್ಲ. ಬ್ರಿಟನ್ನಿನ 2005ರ ನಿಯಮಗಳಲ್ಲಿಯೂ ಇವೇ ಸಂಖ್ಯೆಗಳು.

ಲೆಕ್ಕದ ಕಷ್ಟವನ್ನು ತಪ್ಪಿಸಲು ಬ್ರಿಟನ್ನಿನಲ್ಲಿ ಅಂಕಗಳ ಪದ್ಧತಿ ಇದೆ, ಅದು ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ. ಯಂತ್ರದ ಮಟ್ಟವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಎರಡರಿಂದ ಗುಣಿಸಿ. ಅದು ಒಂದು ಗಂಟೆಯ ಅಂಕ. ದಿನಕ್ಕೆ 100 ಅಂಕ ಎಂದರೆ ಎಚ್ಚರಿಕೆಯ ಗಡಿ, 400 ಎಂದರೆ ನಿಷೇಧದ ಗಡಿ.

ಮಟ್ಟ 5 ಇರುವ ಗ್ರೈಂಡರ್ ಗಂಟೆಗೆ 50 ಅಂಕ ಕೊಡುತ್ತದೆ. ಎರಡು ಗಂಟೆಗೆ ಮೊದಲ ಗಡಿ ಮುಟ್ಟುತ್ತದೆ. ರಸ್ತೆ ಅಗೆಯುವ ಸಾಧಾರಣ ಬ್ರೇಕರ್‌ನ ಮಟ್ಟ ಸುಮಾರು 12. ಗಂಟೆಗೆ 288 ಅಂಕ! ಸುಮಾರು 21 ನಿಮಿಷಕ್ಕೆ ಎಚ್ಚರಿಕೆಯ ಗಡಿ, 83 ನಿಮಿಷಕ್ಕೆ ನಿಷೇಧದ ಗಡಿ. ಅರ್ಧ ಗಂಟೆ ಆ ಬ್ರೇಕರ್, ಆಮೇಲೆ ಒಂದು ಗಂಟೆ ಮಟ್ಟ 6ರ ಗ್ರೈಂಡರ್ ಹಿಡಿದರೆ 144 ಮತ್ತು 72 ಸೇರಿ 216 ಅಂಕ.

ಮಟ್ಟವನ್ನು ಅದರಿಂದಲೇ ಗುಣಿಸುವುದರಿಂದ ಒಂದು ಮಾತು ನೆನಪಿರಲಿ: ಕಂಪನ ಎರಡು ಪಟ್ಟಾದರೆ ಕೆಲಸದ ಹೊತ್ತು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯಬೇಕು. ಇಲ್ಲಿ ಹೊತ್ತು ಎಂದರೆ ಯಂತ್ರದ ಗುಂಡಿ ಒತ್ತಿ ಅದು ನಡುಗುತ್ತಿರುವ ಹೊತ್ತು ಮಾತ್ರ. ಸರಂಜಾಮು ಹೊಂದಿಸುವ, ಬಿಟ್ ಬದಲಿಸುವ, ಗುರುತು ಹಾಕುವ ಸಮಯ ಇದರಲ್ಲಿ ಸೇರುವುದಿಲ್ಲ. ಯಾರಾದರೂ ಒಬ್ಬರು ಗಡಿಯಾರ ಹಿಡಿದು ಅಳೆದರೆ ಮಾತ್ರ ನಿಜವಾದ ಸಂಖ್ಯೆ ಸಿಗುತ್ತದೆ. ಅಂದಾಜು ಬಹಳ ಸಲ ತಪ್ಪುತ್ತದೆ.

ಯಂತ್ರದ ಮಟ್ಟ ನನಗೆ ಹೇಗೆ ತಿಳಿಯಬೇಕು?

ಯಂತ್ರದ ಜೊತೆ ಬರುವ ಕೈಪಿಡಿಯಲ್ಲಿ ಕಂಪನದ ಮಟ್ಟ ಎಂದು ಒಂದು ಸಂಖ್ಯೆ ಇರುತ್ತದೆ. ಅದನ್ನು ಆರಂಭದ ಅಂದಾಜು ಎಂದು ತಿಳಿಯಿರಿ. ತಯಾರಕರು ಹೊಸ ಯಂತ್ರವನ್ನು ಪ್ರಯೋಗಾಲಯದಲ್ಲಿ ಅಳೆದಿರುತ್ತಾರೆ. ಮೊಂಡಾದ ಬಿಟ್, ಸಮತೋಲನ ತಪ್ಪಿದ ಚಕ್ರ, ಸವೆದ ಬೇರಿಂಗ್, ಗಟ್ಟಿ ಕಲ್ಲು, ಇವೆಲ್ಲ ಸೇರಿದಾಗ ಕೆಲಸದ ಜಾಗದ ಕಂಪನ ಅದಕ್ಕಿಂತ ಎಷ್ಟೋ ಹೆಚ್ಚಿರಬಹುದು. ಒಂದೇ ಬಗೆಯ ಯಂತ್ರಗಳ ನಡುವೆಯೂ ವ್ಯತ್ಯಾಸ ದೊಡ್ಡದು: ಒಳ್ಳೆಯ ಹೊಸ ಬ್ರೇಕರ್‌ನಲ್ಲಿ ಮಟ್ಟ 5ರಷ್ಟು ಇದ್ದರೆ ಕೆಟ್ಟ ಹಳೆಯದರಲ್ಲಿ 20 ಇರಬಹುದು. ಅಂಕದ ಲೆಕ್ಕದಲ್ಲಿ ಅದು ಹದಿನಾರು ಪಟ್ಟು.

ಸಣ್ಣ ಯಂತ್ರಗಳು ಅಷ್ಟೊಂದು ನಡುಗುವುದಿಲ್ಲವಲ್ಲ, ಅವು ಸುರಕ್ಷಿತವೇ?

ಕೈಗೆ ಹಿತವಾಗಿ ಅನಿಸುವ ಅತಿವೇಗದ ಸಣ್ಣ ಯಂತ್ರಗಳ ವಿಷಯದಲ್ಲಿ ನನಗೆ ಹೆಚ್ಚಿನ ಆತಂಕವಿದೆ. ಅಳತೆಗೆ ಬಳಸುವ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 5349 ನಿಧಾನಗತಿಯ ಕಂಪನಕ್ಕೆ ಹೆಚ್ಚು ತೂಕ ಕೊಟ್ಟು, ವೇಗದ ಕಂಪನಕ್ಕೆ ಬಹಳ ಕಡಿಮೆ ತೂಕ ಕೊಡುತ್ತದೆ. ಬೆರಳುಗಳ ಮಟ್ಟಿಗೆ ಇದು ಅಪಾಯವನ್ನು ಕಡಿಮೆ ಮಾಡಿ ತೋರಿಸುತ್ತದೆ ಎಂದು ಅನೇಕ ಸಂಶೋಧಕರು ವಾದಿಸುತ್ತ ಬಂದಿದ್ದಾರೆ. ಹಲ್ಲಿನ ವೈದ್ಯರು, ಕೃತಕ ಹಲ್ಲು ತಯಾರಿಸುವವರು, ಸಣ್ಣ ಲೋಹದ ಬಿಡಿಭಾಗಗಳನ್ನು ಉಜ್ಜುವವರು ಸಂಖ್ಯೆ ಕಡಿಮೆ ಇದೆ ಎಂದು ನಿಶ್ಚಿಂತರಾಗದೆ ತಮ್ಮ ಬೆರಳುಗಳ ಮಾತನ್ನು ಕೇಳುವುದು ಒಳಿತು.

ಎಷ್ಟು ವರ್ಷಗಳಲ್ಲಿ ತೊಂದರೆ ಶುರುವಾಗುತ್ತದೆ?

ಅದೇ ಮಾನದಂಡದಲ್ಲಿ ಬಿಳಿ ಬೆರಳಿನ ಬಗ್ಗೆ ಒಂದು ಅಂದಾಜಿದೆ. ಎಂಟು ಗಂಟೆಗೆ ಹಂಚಿದ ಮಟ್ಟ 3.7 ಇದ್ದರೆ 8 ವರ್ಷದಲ್ಲಿ, 7 ಇದ್ದರೆ 4 ವರ್ಷದಲ್ಲಿ, 14 ಇದ್ದರೆ 2 ವರ್ಷದಲ್ಲಿ ಹತ್ತರಲ್ಲಿ ಒಬ್ಬ ಕೆಲಸಗಾರನಿಗೆ ತೊಂದರೆ ಬರಬಹುದು ಎಂಬುದು ಅದರ ಸಾರ. ನರದ ಹಾನಿಗೆ ಅಂಥ ಕೋಷ್ಟಕ ಆ ಮಾನದಂಡದಲ್ಲಿ ಇಲ್ಲ. ನರ ಅದಕ್ಕಿಂತ ಮುಂಚೆ ಕೆಡುತ್ತದೆ ಎಂದು ಮೇಲೆ ಹೇಳಿದ್ದೇನೆ. ಆದ್ದರಿಂದ ಈ ವರ್ಷಗಳನ್ನು ನಿಮಗೆ ಸಿಕ್ಕ ಕಾಲಾವಕಾಶ ಎಂದು ಎಣಿಸಬೇಡಿ.

ಕಂಪನ ತಡೆಯುವ ಕೈಗವಸು ಹಾಕಿಕೊಂಡರೆ ಸಾಲದೇ?

ಸಾಲದು. ಕೈಗವಸಿನ ಮೆತ್ತೆ ಅತಿವೇಗದ ಕಂಪನವನ್ನು ಸ್ವಲ್ಪ ತಗ್ಗಿಸುತ್ತದೆ, ಆದರೆ ಬ್ರೇಕರ್ ಮತ್ತು ಹ್ಯಾಮರ್ ಡ್ರಿಲ್‌ಗಳ ನಿಧಾನಗತಿಯ ಹೊಡೆತದ ಮೇಲೆ ಅದರ ಪ್ರಭಾವ ಇಲ್ಲವೆಂದೇ ಹೇಳಬೇಕು. ದಪ್ಪ ಕೈಗವಸಿನಿಂದ ಹಿಡಿತ ಇನ್ನಷ್ಟು ಬಿಗಿಯಾಗುವ ಅಪಾಯವೂ ಇದೆ. ಕೈ ಬೆಚ್ಚಗಿಡಲು, ಗಾಯದಿಂದ ಕಾಪಾಡಲು ಕೈಗವಸು ಖಂಡಿತ ಬೇಕು. ಆದರೆ ಕೈಗವಸು ಕೊಟ್ಟಿದ್ದೇವೆ, ನಮ್ಮ ಕರ್ತವ್ಯ ಮುಗಿಯಿತು ಎನ್ನುವ ಮಾಲೀಕರ ಮಾತನ್ನು ಒಪ್ಪಬೇಡಿ.

ರಾತ್ರಿ ಕೈ ಮರಗಟ್ಟಿ ಎಚ್ಚರವಾಗುತ್ತದೆ, ಕೊಡವಿದರೆ ಸರಿಹೋಗುತ್ತದೆ. ಇದೂ ಅದೇ ಏನು?

ಇದು ಕಾರ್ಪಲ್ ಟನಲ್ ತೊಂದರೆ ಇರಬಹುದು. ಮಣಿಕಟ್ಟಿನ ಒಳಭಾಗದಲ್ಲಿ ಮೂಳೆ ಮತ್ತು ಗಟ್ಟಿ ಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ದಾರಿಯಿದೆ. ಮೀಡಿಯನ್ ನರ ಹಾದುಹೋಗುವುದು ಅಲ್ಲಿಯೇ. ಅದು ಒತ್ತಿಹೋದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗ ಮರಗಟ್ಟುತ್ತವೆ, ಕಿರುಬೆರಳು ಸರಿಯಾಗಿರುತ್ತದೆ. ಮುಂದೆ ಹೆಬ್ಬೆರಳಿನ ಬುಡದ ಮಾಂಸ ಬತ್ತುತ್ತದೆ. ಕಂಪನದಿಂದ ಬೆರಳ ನರಗಳೇ ಕೆಟ್ಟಿದ್ದರೆ ಕಿರುಬೆರಳೂ ಸೇರಿ ಯಾವ ಬೆರಳಾದರೂ ಮಂಕಾಗಬಹುದು.

ಕಂಪನ ಮತ್ತು ಬಿಗಿಹಿಡಿತ ಕಾರ್ಪಲ್ ಟನಲ್ ತೊಂದರೆಯನ್ನೂ ತರಬಲ್ಲವು, ಹಾಗಾಗಿ ಒಬ್ಬರಲ್ಲೇ ಎರಡೂ ಇರುವುದು ಅಪರೂಪವಲ್ಲ. ಎರಡನ್ನೂ ಬೇರ್ಪಡಿಸಿ ನೋಡುವುದು ಮುಖ್ಯ, ಏಕೆಂದರೆ ಮಣಿಕಟ್ಟಿನ ಒತ್ತಡಕ್ಕೆ ಚಿಕಿತ್ಸೆ ಇದೆ: ರಾತ್ರಿ ಕಟ್ಟುವ ಪಟ್ಟಿ, ಕೆಲವೊಮ್ಮೆ ಸ್ಟಿರಾಯ್ಡ್ ಚುಚ್ಚುಮದ್ದು, ಬೇಕಾದರೆ ಸಣ್ಣ ಶಸ್ತ್ರಚಿಕಿತ್ಸೆ. ಕಂಪನದ ಕೆಲಸ ಮಾಡಿದವರಿಗೆ ಈ ಶಸ್ತ್ರಚಿಕಿತ್ಸೆಯಿಂದ ಸಿಗುವ ಉಪಶಮನ ಇತರರಿಗಿಂತ ಕಡಿಮೆ ಇರಬಹುದು. ಮಾಡಿಸಿಕೊಳ್ಳುವ ಮೊದಲೇ ಇದನ್ನು ತಿಳಿದಿದ್ದರೆ ಆಮೇಲೆ ನಿರಾಶೆಯಾಗುವುದಿಲ್ಲ.

ನನಗೆ ಸಕ್ಕರೆ ಕಾಯಿಲೆಯೂ ಇದೆ. ಜೋಮು ಅದರಿಂದಲೋ ಕೆಲಸದಿಂದಲೋ?

ಸಕ್ಕರೆ ಕಾಯಿಲೆಯ ನರಹಾನಿ ಸಾಮಾನ್ಯವಾಗಿ ಪಾದಗಳಲ್ಲಿ ಶುರುವಾಗಿ ಮೇಲಕ್ಕೆ ಬರುತ್ತದೆ. ಪಾದ ಸರಿಯಿದ್ದು ಕೈ ಮಾತ್ರ ಮಂಕಾಗಿದ್ದರೆ ಕೆಲಸದ ಮೇಲೆ ಸಂಶಯ ಹೆಚ್ಚುತ್ತದೆ. ಆದರೂ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಮದ್ಯಪಾನ, ಕುತ್ತಿಗೆಯ ಮೂಳೆಯಿಂದ ನರ ಒತ್ತಿಹೋಗುವುದು, ಕೆಲವು ಔಷಧಗಳು, ಇವೆಲ್ಲವನ್ನೂ ವೈದ್ಯರು ಪರಿಶೀಲಿಸಬೇಕು. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಕುಷ್ಠದ ತಪಾಸಣೆಯೂ ಆಗಬೇಕು; ಅದಕ್ಕೆ ಗುಣಪಡಿಸುವ ಔಷಧವಿದೆ. ಇನ್ನೊಂದು ಮಾತು: ಬೇರೆ ಕಾಯಿಲೆ ಇದೆ ಎಂದ ಮಾತ್ರಕ್ಕೆ ಕಂಪನ ನಿರಪರಾಧಿಯಾಗುವುದಿಲ್ಲ. ಮೊದಲೇ ದುರ್ಬಲವಾದ ನರಕ್ಕೆ ಕಂಪನ ಎರಡನೆಯ ಪೆಟ್ಟು.

ನರದ ವೇಗ ಅಳೆಯುವ ಪರೀಕ್ಷೆ ಮಾಡಿಸಿದೆ, ಎಲ್ಲ ಸರಿ ಇದೆ ಎಂದರು. ಆದರೂ ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ. ಯಾಕೆ?

ವಿದ್ಯುತ್ ಮಿಡಿತ ಕೊಟ್ಟು ಅಳೆಯುವ ಆ ಪರೀಕ್ಷೆ ದಪ್ಪನೆಯ, ವೇಗದ ನರತಂತುಗಳನ್ನು ಮಾತ್ರ ನೋಡುತ್ತದೆ. ಮಣಿಕಟ್ಟಿನ ಒತ್ತಡವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ಕಂಪನದ ಹಾನಿ ಮೊದಲು ಆಗುವುದು ಬೆರಳ ತುದಿಯ ಸ್ಪರ್ಶಗ್ರಾಹಿಗಳಲ್ಲಿ ಮತ್ತು ತೆಳು ತಂತುಗಳಲ್ಲಿ. ಅಲ್ಲಿಗೆ ಆ ಪರೀಕ್ಷೆ ತಲುಪುವುದೇ ಇಲ್ಲ. ವರದಿ ಸರಿಯಿದೆ ಎಂದು ಕೆಲಸಗಾರನ ಮಾತನ್ನು ತಳ್ಳಿಹಾಕುವುದು ಅನ್ಯಾಯ.

ಬೇರೆ ಪರೀಕ್ಷೆಗಳಿವೆ. ಬೆರಳ ತುದಿಯನ್ನು ಒಂದು ಸಣ್ಣ ಕಡ್ಡಿಯ ಮೇಲಿರಿಸಿ, ಸೆಕೆಂಡಿಗೆ 31.5 ಮತ್ತು 125 ಬಾರಿಯ ಕಂಪನ ಕೊಟ್ಟು, ಎಷ್ಟು ಸೂಕ್ಷ್ಮವಾದದ್ದು ತಿಳಿಯುತ್ತದೆ ಎಂದು ನೋಡುತ್ತಾರೆ. ಮೊದಲನೆಯದು ಮೈಸ್ನರ್ ಕಣಗಳ ಪರೀಕ್ಷೆ, ಎರಡನೆಯದು ಪಚೀನಿಯನ್ ಕಣಗಳದ್ದು. ಲೋಹದ ತಟ್ಟೆಯನ್ನು ಮೆಲ್ಲಗೆ ಬಿಸಿಯಾಗಿಸಿ, ತಂಪಾಗಿಸಿ, ಯಾವಾಗ ವ್ಯತ್ಯಾಸ ಗೊತ್ತಾಯಿತು ಎಂದು ಕೇಳುವುದು ತೆಳು ತಂತುಗಳ ಪರೀಕ್ಷೆ. ದೊಡ್ಡ ಉಪಕರಣ ಇಲ್ಲದ ಕಡೆಯೂ ನೈಲಾನ್ ಎಳೆಗಳಿಂದ ಮುಟ್ಟಿ ನೋಡುವುದು, ಹಲಗೆಯ ತೂತುಗಳಲ್ಲಿ ಸಣ್ಣ ಕಡ್ಡಿಗಳನ್ನು ಅರ್ಧ ನಿಮಿಷದಲ್ಲಿ ಎಷ್ಟು ಸಿಕ್ಕಿಸಬಲ್ಲಿರಿ ಎಂದು ಎಣಿಸುವುದು, ಹಿಡಿತದ ಬಲ ಅಳೆಯುವುದು ಸಾಧ್ಯ. ಯಂತ್ರ ಹಿಡಿದು ನೇರವಾಗಿ ಪರೀಕ್ಷೆಗೆ ಹೋಗಬೇಡಿ. ಆಗಿನ ತಾತ್ಕಾಲಿಕ ಮಂಕು ಫಲಿತಾಂಶವನ್ನು ಕೆಡಿಸುತ್ತದೆ. ಕೈ ತಣ್ಣಗಿದ್ದರೂ ಹಾಗೆಯೇ.

ಹಾನಿಯಲ್ಲಿ ಹಂತಗಳಿವೆಯೇ?

1986ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ತಜ್ಞರು ರೂಪಿಸಿದ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ನರಕ್ಕೂ ರಕ್ತನಾಳಕ್ಕೂ ಬೇರೆ ಬೇರೆ ಹಂತಗಳು, ಎರಡೂ ಕೈಗಳಿಗೆ ಬೇರೆ ಬೇರೆ ಲೆಕ್ಕ. ನರದ ಮೊದಲ ಹಂತದಲ್ಲಿ ಆಗಾಗ ಬಂದುಹೋಗುವ ಜೋಮು. ಎರಡನೆಯದರಲ್ಲಿ ಪರೀಕ್ಷಿಸಿದರೆ ಸ್ಪರ್ಶಜ್ಞಾನ ಕುಂದಿರುವುದು ಕಾಣುತ್ತದೆ. ಮೂರನೆಯದರಲ್ಲಿ ವಸ್ತುವಿನ ಮೈ, ಅಂಚು ಬೆರಳಿಗೆ ತಿಳಿಯದೆ, ನಾಜೂಕಿನ ಕೆಲಸ ಕೈಗೂಡುವುದಿಲ್ಲ: ಜೇಬಿನೊಳಗಿನ ನಾಣ್ಯವನ್ನು ನೋಡದೆ ಗುರುತಿಸಲಾಗುವುದಿಲ್ಲ, ಸಣ್ಣ ತಿರುಪು ಬೆರಳುಗಳ ನಡುವೆ ಇದೆಯೋ ಬಿದ್ದಿತೋ ಗೊತ್ತಾಗುವುದಿಲ್ಲ. ಒಂದನೆಯ ಹಂತದಲ್ಲೇ ಹಿಡಿಯುವುದು ಎಲ್ಲರ ಗುರಿಯಾಗಬೇಕು.

ಇದು ವಾಸಿಯಾಗುತ್ತದೆಯೇ?

ನೇರವಾಗಿ ಹೇಳುತ್ತೇನೆ. ಮೊದಲ ಹಂತದಲ್ಲಿ ಕಂಪನದಿಂದ ದೂರವಾದರೆ ಜೋಮು ಕಡಿಮೆಯಾಗುವ ಸಾಧ್ಯತೆ ಇದೆ. ಸ್ಪರ್ಶ ಕುಂದಿದ ಮೇಲೆ ಅದು ಮರಳಿ ಬರುವ ಭರವಸೆ ಕಡಿಮೆ. ಬಿಳಿ ಬೆರಳಿನ ತೊಂದರೆ ಕೆಲಸ ಬಿಟ್ಟ ಕೆಲವು ವರ್ಷಗಳಲ್ಲಿ ಅನೇಕರಲ್ಲಿ ಸುಧಾರಿಸುತ್ತದೆ; ನರದ ಹಾನಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಸತ್ತ ನರತಂತುವನ್ನು ಮತ್ತೆ ಎಬ್ಬಿಸುವ ಔಷಧ ಇಲ್ಲ. ಉರಿ, ಚುಚ್ಚುನೋವು ಹೆಚ್ಚಿದ್ದರೆ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್‌ನಂತಹ ಔಷಧಗಳನ್ನು ವೈದ್ಯರು ಕೊಡಬಹುದು. ಅವು ನೋವಿಗೆ, ಮಂಕಿಗಲ್ಲ. ಬಿಳಿಚುವಿಕೆಗೆ ನಿಫೆಡಿಪಿನ್ ಸಹಾಯ ಮಾಡಬಹುದು, ಅದೂ ನರಕ್ಕೆ ಸಂಬಂಧಿಸಿದ್ದಲ್ಲ. ಕಂಪನ ನಿಲ್ಲಿಸಿದರೆ ಹಾನಿ ಅಲ್ಲಿಗೇ ನಿಲ್ಲುತ್ತದೆ ಎಂಬುದೇ ಎಲ್ಲಕ್ಕಿಂತ ದೊಡ್ಡ ಚಿಕಿತ್ಸೆ.

ನರಕ್ಕೆ ಶಕ್ತಿ ಬರಲಿ ಎಂದು ವಿಟಮಿನ್ ಮಾತ್ರೆ ನುಂಗುತ್ತಿದ್ದೇನೆ, ಒಳ್ಳೆಯದೇ?

ಕೊರತೆ ಇದ್ದರೆ ಮಾತ್ರ. ಇಂತಹ ಮಾತ್ರೆಗಳಲ್ಲಿ ಬಿ6 ಇರುವುದುಂಟು. ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ಅದರಿಂದಲೇ ನರ ಕೆಟ್ಟು ಕೈಕಾಲು ಮರಗಟ್ಟುತ್ತವೆ. ರಕ್ತಪರೀಕ್ಷೆ ಮಾಡಿಸದೆ, ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಬೇಡಿ.

ಸಿಗರೇಟು, ಬೀಡಿಗೂ ಇದಕ್ಕೂ ಸಂಬಂಧವಿದೆಯೇ?

ಇದೆ. ನಿಕೊಟಿನ್ ಬೆರಳಿನ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ರಕ್ತ ಸರಿಯಾಗಿ ಹರಿಯದ ಬೆರಳಿನಲ್ಲಿ ನರಕ್ಕೆ ಚೇತರಿಕೆ ಕಷ್ಟ.

ಕೆಲಸ ಬಿಡುವ ಸ್ಥಿತಿಯಲ್ಲಿ ನಾನಿಲ್ಲ. ಏನು ಮಾಡಲಿ?

ಹೆಚ್ಚಿನವರ ಸ್ಥಿತಿ ಇದೇ. ಯಂತ್ರವನ್ನು ಬಿಡಲು ಆಗದಿದ್ದರೂ ಕೈಗೆ ಇಳಿಯುವ ಕಂಪನವನ್ನು ಕಡಿಮೆ ಮಾಡಲು ಬಹಳ ದಾರಿಗಳಿವೆ.

ಮೊದಲು ಬಿಟ್, ಚಕ್ರ, ಸರಪಳಿಯ ಹಲ್ಲು ನೋಡಿ. ಮೊಂಡಾದ ಬಿಟ್ ಎರಡು ರೀತಿಯಲ್ಲಿ ಹೊಡೆಯುತ್ತದೆ: ಹೆಚ್ಚು ನಡುಗುತ್ತದೆ, ಅದೇ ಕೆಲಸಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಸಮಯಕ್ಕೆ ಸರಿಯಾಗಿ ಬಿಟ್ ಬದಲಿಸುವುದು ಕಡಿಮೆ ಖರ್ಚಿನ ರಕ್ಷಣೆ. ಹಿಡಿಕೆಯ ಕೆಳಗಿನ ರಬ್ಬರ್ ಬಿರುಕು ಬಿಟ್ಟಿದ್ದರೆ, ಸ್ಪ್ರಿಂಗ್ ಸಡಿಲವಾಗಿದ್ದರೆ ಆ ಯಂತ್ರವನ್ನು ರಿಪೇರಿಯಾಗುವವರೆಗೆ ಮುಟ್ಟಬೇಡಿ.

ಆಮೇಲೆ ಹಿಡಿತ. ಯಂತ್ರ ಕೈತಪ್ಪದಷ್ಟು ಹಿಡಿದರೆ ಸಾಕು. ಭಾರವನ್ನು ಅದೇ ಹೊರಲಿ. ಬ್ರೇಕರ್ ಅನ್ನು ಎದೆಯ ಬಲದಿಂದ ಒತ್ತಿದರೆ ಕಾಂಕ್ರೀಟ್ ಬೇಗ ಒಡೆಯುವುದಿಲ್ಲ, ಕಂಪನ ಮಾತ್ರ ಒಳಕ್ಕೆ ಇಳಿಯುತ್ತದೆ. ಅದನ್ನು ಕಾಂಕ್ರೀಟಿನಿಂದ ಎತ್ತುವಾಗ ಗುಂಡಿಯಿಂದ ಬೆರಳು ತೆಗೆಯಿರಿ. ಉಳಿಯನ್ನಾಗಲಿ, ಉಜ್ಜುತ್ತಿರುವ ಲೋಹದ ತುಂಡನ್ನಾಗಲಿ ಬರಿಗೈಯಲ್ಲಿ ಹಿಡಿಯುವ ಬದಲು ಹಿಡಿಕಟ್ಟಿನಲ್ಲಿ ಬಿಗಿಯಿರಿ.

ಒಟ್ಟಿಗೆ ದುಡಿಯುವವರು ಸರದಿಯ ಮೇಲೆ ಯಂತ್ರ ಹಿಡಿಯಿರಿ, ಒಂದೇ ಸಮನೆ ಹಿಡಿಯದೆ ನಡುನಡುವೆ ಹತ್ತು ನಿಮಿಷ ಬೇರೆ ಕೆಲಸ ಮಾಡಿ. ಸರದಿಯಿಂದ ಒಬ್ಬರ ಅಂಕ ಇಳಿಯುತ್ತದೆ, ಆದರೆ ಇನ್ನೊಬ್ಬರ ಅಂಕ ಏರುತ್ತದೆ. ಈಗಾಗಲೇ ಜೋಮು ಇರುವವರನ್ನು ಸರದಿಯಿಂದ ಹೊರಗಿಡಬೇಕು. ಚಳಿಯಲ್ಲಿ ಕೈಯಷ್ಟೇ ಅಲ್ಲ, ಇಡೀ ಮೈ ಬೆಚ್ಚಗಿರಲಿ. ಗಾಳಿಯಂತ್ರದಿಂದ ಹೊರಬರುವ ತಣ್ಣನೆಯ ಗಾಳಿ ಬೆರಳಿಗೆ ಬಡಿಯದಂತೆ ನೋಡಿಕೊಳ್ಳಿ.

ಕೆಲಸ ಮಾಡಿಸುವವರು ಏನು ಮಾಡಬೇಕು?

ಕೈಯಲ್ಲಿ ಹಿಡಿದೇ ಈ ಕೆಲಸ ಆಗಬೇಕೇ ಎಂದು ಮೊದಲು ಕೇಳಿಕೊಳ್ಳಬೇಕು. ಕಾಂಕ್ರೀಟ್ ಹಾಕುವಾಗಲೇ ಪೈಪಿಗೆ ಜಾಗ ಬಿಟ್ಟಿದ್ದರೆ ಆಮೇಲೆ ದಿನವಿಡೀ ಒಡೆಯಬೇಕಾಗುವುದಿಲ್ಲ. ದೊಡ್ಡ ಒಡೆತಕ್ಕೆ ಅಗೆಯುವ ವಾಹನಕ್ಕೆ ಜೋಡಿಸಿದ ಬ್ರೇಕರ್ ಇದೆ. ಚಾವಣಿಗೆ ತೂತು ಕೊರೆಯಲು ಆಧಾರಕಂಬಕ್ಕೆ ಸಿಕ್ಕಿಸಿದ ಡ್ರಿಲ್ ಇದೆ. ಕೈಯಂತ್ರ ಕೊಳ್ಳಲೇಬೇಕಾದಾಗ ಬೆಲೆ, ಶಕ್ತಿಯ ಜೊತೆ ಕಂಪನದ ಮಟ್ಟವನ್ನೂ ಹೋಲಿಸಿ ನೋಡಬೇಕು. ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬೆರಳುಗಳ ಬಗ್ಗೆ ಪ್ರಶ್ನಾವಳಿ ತುಂಬಿಸಬೇಕು. ಜೋಮು ಇದೆ ಎಂದರೆ ಕೆಲಸ ಹೋಗುತ್ತದೆ ಎಂಬ ಭಯವಿದ್ದಲ್ಲಿ ಯಾರೂ ನಿಜ ಹೇಳುವುದಿಲ್ಲ. ಆ ಭಯವನ್ನು ತೆಗೆಯುವ ಹೊಣೆ ಸಂಪೂರ್ಣವಾಗಿ ಮಾಲೀಕರದ್ದು.

ಇದನ್ನು ಕೆಲಸದಿಂದ ಬಂದ ಕಾಯಿಲೆ ಎಂದು ಒಪ್ಪುತ್ತಾರೆಯೇ?

ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಕಂಪನದಿಂದ ಬರುವ ಕಾಯಿಲೆಗಳಿವೆ. ಸ್ನಾಯು, ಮೂಳೆ, ಕೀಲು, ರಕ್ತನಾಳಗಳ ಜೊತೆ ನರಗಳನ್ನೂ ಅದು ಹೆಸರಿಸಿದೆ. ಬ್ರಿಟನ್ 1985ರಲ್ಲಿ ಕಂಪನದ ಬಿಳಿ ಬೆರಳನ್ನು ಪರಿಹಾರ ಕೊಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಪರಿಹಾರದ ನಿಯಮ, ಅರ್ಜಿ ಹಾಕುವ ಗಡುವು ದೇಶದಿಂದ ದೇಶಕ್ಕೆ ಬೇರೆ. ಎಲ್ಲಿಯೇ ಆದರೂ ಕೆಲಸದ ದಾಖಲೆ ಮತ್ತು ವೈದ್ಯರ ಬರಹ ಬೇಕಾಗುತ್ತವೆ, ಆದ್ದರಿಂದ ಕಾಗದಗಳನ್ನು ಎಸೆಯಬೇಡಿ.

ವೈದ್ಯರ ಬಳಿಗೆ ಹೋಗುವಾಗ ಏನು ಹೇಳಬೇಕು?

ಕೈ ಜೋಮು ಹಿಡಿಯುತ್ತದೆ ಎಂದಷ್ಟೇ ಹೇಳಿದರೆ ಯಂತ್ರದ ಸುದ್ದಿಯೇ ಬರದೆ ಹೋಗಬಹುದು. ಮೊದಲ ವಾಕ್ಯದಲ್ಲೇ ಕೆಲಸವನ್ನು ಹೇಳಿ. ಯಾವ ಯಂತ್ರಗಳು, ಎಷ್ಟು ವರ್ಷ, ದಿನಕ್ಕೆ ಗುಂಡಿ ಒತ್ತಿರುವ ಹೊತ್ತು ಎಷ್ಟು, ಯಾವ ಕೈ ಎಲ್ಲಿ ಹಿಡಿಯುತ್ತದೆ ಎಂದು ಬರೆದುಕೊಂಡು ಹೋಗಿ. ಎರಡೂ ಅಂಗೈಗಳನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಮಂಕಾದ ಜಾಗಕ್ಕೆ ಬಣ್ಣ ಹಚ್ಚಿ. ಕಿರುಬೆರಳಿಗೆ ಬಣ್ಣ ಬಂದಿದೆಯೋ ಇಲ್ಲವೋ ಎಂಬುದರಿಂದಲೇ ವೈದ್ಯರಿಗೆ ಅರ್ಧ ಉತ್ತರ ಸಿಗುತ್ತದೆ. ಬೆರಳು ಬಿಳಿಚುವುದಾದರೆ ಆ ಹೊತ್ತಿಗೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಏಕೆಂದರೆ ಬೆಚ್ಚಗಿನ ಕೊಠಡಿಯಲ್ಲಿ ವೈದ್ಯರ ಮುಂದೆ ಅದು ಕಾಣಿಸುವುದಿಲ್ಲ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಜೊತೆಗೆ ತೆಗೆದುಕೊಂಡು ಹೋಗಿ.